ಢಾಲಿನವನನ್ನು ಒದ್ದ ಬೇಸಿಗೆ

ಮೊನ್ನೆ ರಾಯಚೂರಿಗೆ ಮಗಳ ಮನೆಗೆ ಹೋಗಿದ್ದೆ. ಬಿಸಿಲು ಏರಿತ್ತು. ಅಳಿಯ ಅಟ್ಟದ ಮೇಲಿಂದ ಕೂಲರ್ ಇಳಿಸಿ, ಅದರ ಬದಿಯ ಒಣ ಹುಲ್ಲಿಗೆ ಈ ವರ್ಷದ ಮೊದಲ ಕೊಡ ನೀರು ಸುರಿದ. ಒಣ ಹುಲ್ಲು ನೀರು ಕುಡಿದು ಒಂದು ವಾಸನೆ ಬಿಡುತ್ತದಲ್ಲ, ಅದು ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ನಗತೊಡಗಿದೆ.

"ಯಾಕ್ರೀ ಅತ್ತಿ, ಏನಾತು?" ಎಂದ ಅಳಿಯ.

"ಏನಿಲ್ಲಪ್ಪಾ, ನನ್ನ ಲಡಾಯಿ ನೆನಪಾತು" ಎಂದೆ. ಅವನೂ ನಕ್ಕ. ಆ ಮನೆಯಲ್ಲಿ ನನ್ನ ಲಡಾಯಿ ಗೊತ್ತಿಲ್ಲದವರು ಯಾರೂ ಇಲ್ಲ.

ನಾನು ದೇವದುರ್ಗ ತಾಲ್ಲೂಕಿನ ಗಬ್ಬೂರಿನವಳು. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟು ಹತ್ತಿ ಬಿಡಿಸಲು ಹೋದವಳು. ಬರೆಯುವ ರೂಢಿ ಇಲ್ಲ. ಆದರೆ ಇಷ್ಟು ಸಂತೋಷವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡರೆ ಅಜೀರ್ಣವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಆ ಲಡಾಯಿ ನಡೆದ ವರ್ಷ ನನ್ನ ಮೊಮ್ಮಗಳು ಭೂಮಿಕಾ ಒಂಬತ್ತನೇ ಕ್ಲಾಸು ಮುಗಿಸಿದ್ದಳು. ಪರೀಕ್ಷೆ ಮುಗಿದ ಸಂಜೆ ಗೆಳತಿಯ ಸ್ಕೂಟಿಯ ಹಿಂದೆ ಕೂತು ಬರುವಾಗ ಉಸುಕಿನ ಮೇಲೆ ಗಾಡಿ ಜಾರಿ, ಬಲಗೈ ಊರಿ ಬಿದ್ದಳು. ಮಣಿಕಟ್ಟು ಮುರಿಯಿತು. ಡಾಕ್ಟರು ಪಟ್ಟಿ ಕಟ್ಟಿದರು. ಪಟ್ಟಿ ಬಿಚ್ಚಿದ ದಿನ ನೋಡಿದರೆ ಎಲುಬು ಕೂಡಿತ್ತು, ಆದರೆ ಬೆರಳುಗಳು ಕಟ್ಟಿಗೆಯಾಗಿದ್ದವು. ಹೆಬ್ಬೆರಳು ಅಲ್ಲಾಡದು, ತೋರುಬೆರಳು ಬಗ್ಗದು. "ದಿನಾ ಮಣಿಸಬೇಕು, ನೋವಾದರೂ ಬಿಡಬಾರದು. ಮಳೆಗಾಲ ಹಿಡಿಯುವ ಹೊತ್ತಿಗೆ ಬಗ್ಗದಿದ್ದರೆ ಆಪರೇಷನ್ ಕೋಣೆಯಲ್ಲಿ ಮಲಗಿಸಿ ಮಂಪರು ಕೊಟ್ಟು ಬೆರಳು ಬಿಡಿಸಬೇಕು. ಆಮೇಲೂ ಪೂರ್ತಿ ಬರುತ್ತದೆ ಎಂದು ನಾನು ಹೇಳಲಾರೆ" ಎಂದರು ಡಾಕ್ಟರು. ಇದನ್ನೆಲ್ಲ ಮಗಳು ಲಕ್ಷ್ಮಿ ಫೋನಿನಲ್ಲಿ ಅಳುತ್ತ ಹೇಳಿದಳು. ಮರುದಿನ ಮುಂಜಾನೆಯ ಬಸ್ಸಿಗೆ ನಾನು ರಾಯಚೂರಿನಲ್ಲಿದ್ದೆ.

ಹೋಗಿ ನೋಡಿದರೆ ಹುಡುಗಿ ಟಿವಿ ಇರುವ ಕೋಣೆ ಬಿಟ್ಟು ಹೊರಗೇ ಬರುತ್ತಿಲ್ಲ. ಊಟವೂ ಅಲ್ಲೇ, ಬಾಗಿಲು ಹಾಕಿಕೊಂಡು. ಯಾಕೆಂದರೆ ಎಡಗೈಯಿಂದ ಉಣ್ಣಬೇಕಲ್ಲ, ಯಾರಾದರೂ ನೋಡಿಬಿಟ್ಟರೆ! ಅಕ್ಕ ಎಂದು ಕರೆಯುವ ಸಂಬಂಧಿಕರ ಹುಡುಗಿಯ ಮದುವೆ ಬಂದಿತ್ತು, ಅದಕ್ಕೂ ಹೋಗಲಿಲ್ಲ. "ಪಂಕ್ತಿಯೊಳಗ ಎಲ್ಲಾರ ಮುಂದ ಎಡಗೈ ಎಲಿಗೆ ಹಾಕಲೇನು?" ಎಂದು ಅವ್ವನ ಮೇಲೆ ಹಾರಿದ್ದಳಂತೆ. ಹತ್ತನೆಯ ಕ್ಲಾಸಿಗೂ ಹೋಗುವುದಿಲ್ಲ ಅಂದಿದ್ದಳು. ಕೈ ಮಣಿಸುವ ಮೇಡಮ್ ಒಬ್ಬರು ಬಂದು ಒಂದು ಮೆತ್ತನೆಯ ಚೆಂಡು ಕೊಟ್ಟು ಹಿಸುಕು ಅಂದರೆ, ಹುಡುಗಿ ಕಣ್ಣೀರು ಹಾಕಿ, ಮೇಡಮ್ ಅತ್ತ ಹೋದ ಮೇಲೆ ಆ ಚೆಂಡನ್ನು ಕಿಟಕಿಯಿಂದ ಒಗೆದಿದ್ದಳು. ಎದುರು ಮನೆಯ ನಾಯಿ ಅದನ್ನು ಕಚ್ಚಿಕೊಂಡು ತಿರುಗುತ್ತಿತ್ತು.

ನಮ್ಮ ಕಡೆ ತಾಯಿಗೆ ಅವ್ವ, ಅಜ್ಜಿಗೆ ಅಮ್ಮ ಅನ್ನುತ್ತಾರೆ. ನಾನು ಒಳಗೆ ಹೋದಾಗ "ಅಮ್ಮಾ, ನೀನೂ ಚೆಂಡು ತಂದಿಯೇನು?" ಎಂದಳು.

"ಇಲ್ಲವ್ವಾ, ಶೇಂಗಾ ಹೋಳಿಗಿ ತಂದೀನಿ" ಎಂದೆ.

ಆ ಕೋಣೆಯಲ್ಲಿ ಟಿವಿಗೆ ಒಂದು ಕರಿ ಡಬ್ಬಿ ಜೋಡಿಸಿತ್ತು. ಅದು ಅಳಿಯನ ತಮ್ಮ ರಮೇಶನದು. ಅವನು ಮಾನ್ವಿಯಲ್ಲಿ ನೌಕರಿ ಮಾಡುತ್ತ ಅಲ್ಲೇ ಇರುತ್ತಿದ್ದ, ಭಾನುವಾರ ಮಾತ್ರ ಬರುತ್ತಿದ್ದ. ಆಟದ ಡಬ್ಬಿ ಅದು. ಎರಡೂ ಕೈಯಿಂದ ಹಿಡಿಯುವ, ಏಡಿಯಂಥ ಒಂದು ಸಾಮಾನು ಅದಕ್ಕೆ. ನಾನು ರಿಮೋಟು ಅಂದರೆ ಭೂಮಿ "ಕಂಟ್ರೋಲರ್ ಅದು" ಅಂತ ತಿದ್ದುತ್ತಿದ್ದಳು. ಕೈ ಸರಿ ಇದ್ದಾಗ ಕಾಕಾನ ಜೊತೆ ಕೂತು ಆಡುತ್ತಿದ್ದಳಂತೆ. ಈಗ ಸುಮ್ಮನೆ ಆ ಆಟ ಹಚ್ಚಿಕೊಂಡು, ಎಡಗೈಯಿಂದ ಒಬ್ಬ ಸಿಪಾಯಿಯನ್ನು ಕೋಟೆಯೊಳಗೆ ಅಡ್ಡಾಡಿಸುತ್ತ ಕೂಡುತ್ತಿದ್ದಳು. ನಡೆಯುವುದು, ತನ್ನ ಢಾಲು ಎತ್ತುವುದು ಎಡಗೈ ಕೆಲಸ. ಕತ್ತಿ ಬೀಸುವುದು, ಕಾಲಿನಿಂದ ಒದೆಯುವುದು ಬಲಗೈ ಕೆಲಸ. ಹೀಗಾಗಿ ಅವಳ ಸಿಪಾಯಿ ಎಲ್ಲರ ಏಟು ತಿಂದು ಬೀಳುತ್ತಿದ್ದ. ಮತ್ತೆ ಎದ್ದು ಮತ್ತೆ ಬೀಳುತ್ತಿದ್ದ. ಆ ಹುಡುಗ ಬೀಳುವುದನ್ನು ನನಗೆ ನೋಡಲಾಗಲಿಲ್ಲ.

"ಬಲಗಡೆ ಬಟನ್ ನಾ ಒತ್ತಲೇನಬೇ?" ಎಂದೆ.

ಭೂಮಿ ನನ್ನ ಮುಖ ನೋಡಿದಳು. ಅವತ್ತು ಮೊದಲ ಸಲ ನಕ್ಕದ್ದು. "ನಿನಗೆಲ್ಲಿ ಬರತದ ಅಮ್ಮಾ!"

"ಹತ್ತಿ ಬಿಡಿಸೋ ಬೆರಳು ಇವು. ಕೊಡು ಇಲ್ಲಿ."

ಹೀಗೆ ಶುರುವಾಯಿತು. ಒಂದೇ ಕಂಟ್ರೋಲರ್, ಇಬ್ಬರ ಕೈ. ಎಡಭಾಗ ಅವಳು ಹಿಡಿಯುವಳು. ಬಲಭಾಗದ ಕೆಳಗೆ ಅವಳ ಬಿಗಿದ ಕೈಯನ್ನು ಆಸರೆಗೆ ಇಟ್ಟುಕೊಳ್ಳುವಳು. ಅದರ ಮೇಲೆ ನನ್ನ ಕೈ. ತೋರುಬೆರಳಿನ ಬಟನ್ ಒತ್ತಿದರೆ ಕತ್ತಿ, ಹೆಬ್ಬೆರಳಿನ ಬಟನ್ ಒತ್ತಿದರೆ ಒದೆ. ಹೊರಗೆ ಬೆಂಕಿಯಂಥ ಬಿಸಿಲು, ರಾಯಚೂರಿನ ಬಂಡೆ ಕಾದು ಗೋಡೆಯೇ ಉಸಿರು ಬಿಡುವಂಥ ಮಧ್ಯಾಹ್ನ. ಒಳಗೆ ಕೂಲರಿನ ಹಸಿ ಹುಲ್ಲಿನ ವಾಸನೆ, ನಾವಿಬ್ಬರು, ಮತ್ತು ಕೋಟೆ ತುಂಬ ಸಿಪಾಯಿಗಳು.

ಬರಿಗತ್ತಿಯವರನ್ನು ಬೇಗ ಕೆಡವಿದೆವು. ನನ್ನ ಸಂಭ್ರಮ ಏನು ಕೇಳುತ್ತೀರಿ! ಒಬ್ಬೊಬ್ಬ ಬಿದ್ದಾಗಲೂ ಲಕ್ಷ್ಮಿಯನ್ನು ಕೂಗಿ ಕರೆಯುತ್ತಿದ್ದೆ. ಆಮೇಲೆ ಬಂದರು ನೋಡಿ ಢಾಲಿನವರು. ಎದೆಯಿಂದ ಮೊಣಕಾಲಿನವರೆಗೆ ಮುಚ್ಚುವ ದೊಡ್ಡ ಗುರಾಣಿ, ಅದರ ಮೇಲೆ ಕಣ್ಣು ಕುಕ್ಕುವಂಥ ಸೂರ್ಯನ ಚಿತ್ರ. ನಾನು ಬೀಸಿದೆ. ಖಣ್ ಅಂತ ಕತ್ತಿ ಸಿಡಿದು ಹಿಂದೆ ಬಂತು, ನಮ್ಮ ಸಿಪಾಯಿ ತಬ್ಬಿಬ್ಬಾಗಿ ನಿಂತ, ಆ ಢಾಲಿನವನು ಸಂದಿಯಿಂದ ಕತ್ತಿ ತೂರಿಸಿ ಚುಚ್ಚಿದ. ಮತ್ತೆ ಬೀಸಿದೆ, ಮತ್ತೆ ಖಣ್. ಹಟಕ್ಕೆ ಬಿದ್ದು ಹೊಡೆದೆ, ಹೊಡೆದೆ. ಕೊನೆಗೆ ಭೂಮಿ, "ಅಮ್ಮಾ, ಬಾಗಿಲ ಬಡಿಯಾಕತ್ತೀಯೇನು? ಅವನೇನು ಬಾಗಿಲ ತಗದು ಬರ್ರಿ ಅಂತಾನೇನು?" ಎಂದಳು.

ಭಾನುವಾರ ರಮೇಶ ಬಂದು ನಮ್ಮ ಹಿಂದೆ ಕೂತು ನೋಡಿದ. ಅವನಿಗೆ ನಗು ತಡೆಯಲಾಗಲಿಲ್ಲ. "ಅತ್ತಿ, ಢಾಲಿಗೆ ಹೊಡಿಬ್ಯಾಡ್ರಿ, ಅವನಿಗೆ ಹೊಡೀರಿ" ಎಂದ.

"ಅವ ಢಾಲಿನ ಹಿಂದ ಅದಾನಲ್ಲೋ!"

"ಅದಕ್ಕ ಹೇಳತೀನಿ ಕೇಳ್ರಿ. ಢಾಲು ಎತ್ತಿ ಹಿಡದ್ರ ಅವನ ದಮ್ಮು ಇಳೀತದ. ಅಕಾ ಅಲ್ಲಿ, ಅವನ ತಲಿ ಮ್ಯಾಲ ಹಸರ ಗೆರಿ ಅದ, ನೋಡ್ರಿ. ಸುಮ್ನ ನಿಂತು ಅದು ಸಣ್ಣಾಗೋದು ಕಾಯ್ರಿ. ಇಲ್ಲಾ, ಹೊಡದಂಗ ಮಾಡಿ ಹೊಡಿಬ್ಯಾಡ್ರಿ. ನೀವು ಕತ್ತಿ ಎತ್ತಿದ ಕಡಿ ಅವ ಢಾಲು ಒಯ್ತಾನ. ಆವಾಗ ಕತ್ತಿ ಹಿಂದ ತಗೊಂಡು ಇನ್ನೊಂದ ಕಡಿ ಹಾಕ್ರಿ."

"ಅಂದ್ರ ಮೋಸ ಮಾಡಬೇಕು?"

"ಲಡಾಯಿ ಅತ್ತಿ ಇದು, ಬೀಗರ ಊಟ ಅಲ್ಲ!"

ಹೊಡೆದ ಹಾಗೆ ಮಾಡಿ ಹೊಡೆಯದಿರುವುದು ಕಷ್ಟ. ಎತ್ತಿದ ಕೈ ಅರ್ಧಕ್ಕೆ ನಿಲ್ಲಬೇಕು. ನನ್ನ ಬೆರಳು ಕೇಳುತ್ತಿರಲಿಲ್ಲ. ಆದರೆ ಬದಿಗೆ ಸರಿಯುವ ವಿದ್ಯೆ ಬೇಗ ತಲೆಗೆ ಹೋಯಿತು. ಒಣಗಿದ ಹತ್ತಿಕಾಯಿಯ ಸಿಪ್ಪೆ ಮುಳ್ಳಿನ ಹಾಗೆ ನಿಂತಿರುತ್ತದೆ; ನೇರ ಕೈ ಹಾಕಿದರೆ ಉಗುರಸಂದಿಗೆ ಚುಚ್ಚುತ್ತದೆ, ಪಕ್ಕದಿಂದ ಬೆರಳು ಹೊಗಿಸಿದರೆ ಅರಳೆ ತಾನಾಗಿ ಬರುತ್ತದೆ. ಭೂಮಿಗೆ ಅದನ್ನು ಹೇಳಿದೆ. ಅವಳು ಸಿಪಾಯಿಯನ್ನು ಢಾಲಿನವನ ಸುತ್ತ ತಿರುಗಿಸುತ್ತ ಬೆನ್ನಿಗೆ ಒಯ್ದಳು. ಬೆನ್ನಿಗೆ ಎಲ್ಲಿಯ ಢಾಲು! ನಾನು ಬೀಸಿದೆ. ಬಿದ್ದ. ಇಬ್ಬರೂ ಚೀರಿದ ಸದ್ದಿಗೆ ಲಕ್ಷ್ಮಿ ಒಲೆ ಬಿಟ್ಟು ಓಡಿ ಬಂದಳು.

ಮುಂದಿನ ಢಾಲಿನವರು ಜಾಣರು. ನಾವು ತಿರುಗಿದ ಕಡೆ ಅವರೂ ತಿರುಗುತ್ತಿದ್ದರು. ಇಬ್ಬಿಬ್ಬರು ಬಂದರೆ ಅವರನ್ನು ಒಬ್ಬರ ಹಿಂದೊಬ್ಬರು ಬರುವ ಹಾಗೆ ಎಳೆಯಬೇಕು, ಮುಂದಿನವನೇ ಹಿಂದಿನವನಿಗೆ ಅಡ್ಡ ಆಗಬೇಕು. ಅದನ್ನು ಭೂಮಿ ತಾನೇ ಕಂಡುಕೊಂಡಳು. ಆದರೆ ಮುಂದಿನವನ ಢಾಲು ತೆರೆಸುವುದಕ್ಕೆ ಒಂದೇ ದಾರಿ, ಒದೆ. ಸರಿಯಾದ ಹೊತ್ತಿಗೆ ಢಾಲಿಗೆ ಕಾಲು ಕೊಟ್ಟರೆ ಅವನು ತತ್ತರಿಸಿ ತೋಳು ಅಗಲಿಸುತ್ತಾನೆ. ಆ ಒಂದು ಕ್ಷಣದಲ್ಲಿ ಕತ್ತಿ ಹೋಗಬೇಕು.

ಅಲ್ಲೇ ನನ್ನ ಫಜೀತಿ. ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಇದು ನನಗೆ ಯಾರೂ ಕಲಿಸಿದ ನೆನಪೇ ಇಲ್ಲ, ನಡೆಯುವುದರ ಜೊತೆಗೇ ಬಂದದ್ದು. ಕಸಬರಿಗೆಗೆ ಕಾಲು ತಾಗಿದರೂ ಒತ್ತಿಕೊಳ್ಳುತ್ತೇನೆ, ಪುಸ್ತಕಕ್ಕಂತೂ ಕೇಳಲೇಬೇಡಿ. ಇಲ್ಲಿ ನೋಡಿದರೆ ಢಾಲಿನ ಮೇಲೆ ಸಾಕ್ಷಾತ್ ಸೂರ್ಯನಾರಾಯಣ! ನಾನು ಹೆಬ್ಬೆರಳಿನಿಂದ ಬಟನ್ ಒತ್ತುತ್ತಿದ್ದೆ, ಅದು ನಿಜ. ಒದ್ದದ್ದು ಟಿವಿಯೊಳಗಿನ ಸಿಪಾಯಿ, ಅದೂ ನಿಜ. ಆದರೆ ನನ್ನ ಕೈಗೆ ಅದು ತಿಳಿಯಬೇಕಲ್ಲ! ಒದ್ದದ್ದೇ ತಡ, ಬಲಗೈ ತಾನಾಗಿ ಮೇಲೆದ್ದು ಟಿವಿಯ ಕಡೆ ಚಾಚಿ ಎರಡೂ ಕಣ್ಣಿಗೆ ಹೋಗುತ್ತಿತ್ತು. ಅಷ್ಟರಲ್ಲಿ ಆ ಢಾಲಿನವನು ಚೇತರಿಸಿಕೊಂಡು ನಮ್ಮನ್ನೇ ಕೆಡವುತ್ತಿದ್ದ.

"ಅಮ್ಮಾ! ಒದ್ದ ಮ್ಯಾಲ ಹೊಡಿಬೇಕು, ಕೈ ಮುಗಿಯೋದಲ್ಲ!"

"ಗೊತ್ತದವ್ವಾ. ಈ ಸಲ ಮುಗಿಯೂದಿಲ್ಲ."

ಮತ್ತೆ ಒದೆ, ಮತ್ತೆ ನಮಸ್ಕಾರ, ಮತ್ತೆ ನಮ್ಮ ಸಿಪಾಯಿ ಅಂಗಾತ.

"ಅವ ಏನು ನಿಮ್ಮ ಮಾವನೇನು?"

"ಮಾವ ಅಲ್ಲ, ಸೂರ್ಯಪ್ಪ!"

ಹಾಗೆಯೇ ಬೇಸಿಗೆ ಸವೆಯಿತು. ಡಾಕ್ಟರು ಹೇಳಿದ ಗಡುವು ಹತ್ತಿರ ಬರುತ್ತಿತ್ತು. ಮೇಡಮ್ ಬಂದು ಬೆರಳು ಹಿಡಿದು ಮಣಿಸಿ, ಇನ್ನೂ ಬಿಗಿ ಇದೆ ಎಂದು ಲಕ್ಷ್ಮಿಯ ಕಡೆ ನೋಡಿ ಹೋಗುತ್ತಿದ್ದರು. ಲಕ್ಷ್ಮಿ ಅಡಿಗೆ ಮನೆಯಲ್ಲಿ ನನ್ನ ಮುಂದೆ ಕೂತು, "ಆಪರೇಷನ್ ಕೋಣಿಗೆ ಹೆಂಗ ಕಳಿಸಲವ್ವಾ?" ಎನ್ನುತ್ತಿದ್ದಳು. ನಾನು ಜೋಳದ ಹಿಟ್ಟನ್ನು ಇನ್ನಷ್ಟು ನಾದುತ್ತಿದ್ದೆ. ಅವಳಿಗೆ ಧೈರ್ಯ ಹೇಳಬೇಕು, ಆದರೆ ಅದು ನನ್ನಲ್ಲೇ ಇರಲಿಲ್ಲ.

ಒಂದು ಮಧ್ಯಾಹ್ನ ಆಕಾಶ ಕಪ್ಪಾಯಿತು. ಗಾಳಿ ಎದ್ದು ಕಿಟಕಿಯ ಪರದೆ ಹಾರಿಸುತ್ತಿತ್ತು. ನಾವು ಕೋಟೆಯ ಮೆಟ್ಟಿಲ ಮೇಲೆ ಒಬ್ಬ ಢಾಲಿನವನ ಎದುರು ನಿಂತಿದ್ದೆವು. ಕಾದೆವು. ಅವನ ಹಸಿರು ಗೆರೆ ಸಣ್ಣಗಾಯಿತು. "ಈಗ!" ಎಂದಳು ಭೂಮಿ. ಒದ್ದೆ. ಕೈ ಎದ್ದು ಕಣ್ಣಿಗೆ ಹೋಯಿತು. ಕಣ್ಣು ಮುಚ್ಚಿಕೊಂಡೇ ಅಯ್ಯೋ ಮತ್ತೆ ಹೋಯಿತಲ್ಲ ಅಂದುಕೊಂಡೆ. ಆಗ ಕತ್ತಿ ಮಾಂಸಕ್ಕೆ ಇಳಿದ ಸದ್ದು ಬಂತು. ಕಣ್ಣು ಬಿಟ್ಟರೆ ಢಾಲಿನವನು ಮೆಟ್ಟಿಲ ಮೇಲಿಂದ ಉರುಳುತ್ತಿದ್ದಾನೆ.

ನನ್ನ ಕೈ ಇನ್ನೂ ನನ್ನ ಹಣೆಯ ಹತ್ತಿರವೇ ಇತ್ತು.

ಕೆಳಗೆ ನೋಡಿದೆ. ಭೂಮಿಯ ಬಲಗೈಯ ತೋರುಬೆರಳು ಬಟನ್ನಿನ ಮೇಲೆ ಬಾಗಿ ಕೂತಿತ್ತು. ಕೊಕ್ಕೆಯ ಹಾಗೆ. ಅವಳೂ ಅದನ್ನೇ ನೋಡುತ್ತಿದ್ದಳು, ಯಾರದೋ ಬೆರಳನ್ನು ನೋಡಿದ ಹಾಗೆ. ನನ್ನ ತಡ ಸಹಿಸಲಾರದೆ, ನೋವು ನೆನಪಾಗುವ ಮೊದಲೇ ಒತ್ತಿಬಿಟ್ಟಿದ್ದಳು. ಆಮೇಲೆ ನೋವು ಬಂತು, ಹಲ್ಲು ಕಚ್ಚಿದಳು, ಕಣ್ಣಲ್ಲಿ ನೀರು ಬಂತು, ಅದರ ಜೊತೆಗೇ ನಗು.

"ಲಕ್ಷ್ಮೀ..." ಎಂದು ಕೂಗಲು ನಾನು ಬಾಯಿ ತೆರೆದೆ. ಹುಡುಗಿ ಎಡಗೈಯಿಂದ ನನ್ನ ಬಾಯಿ ಮುಚ್ಚಿದಳು.

"ಹೇಳಬ್ಯಾಡ ಅಮ್ಮಾ. ನಾಳೆ ಬಗ್ಗಲಿಲ್ಲಂದ್ರ ಅವ್ವ ಮತ್ತ ಅಳತಾಳ."

ಹೇಳದೆ ಇರುವುದು ನನ್ನಂಥವಳಿಗೆ ಎಷ್ಟು ಕಷ್ಟ! ಸಂಜೆ ಸಿಹಿ ಸಜ್ಜಕ ಮಾಡಿದೆ. "ಇವತ್ತೇನು ಹಬ್ಬ?" ಎಂದಳು ಲಕ್ಷ್ಮಿ. "ಮಳಿ ಬಂತಲ್ಲಾ" ಎಂದೆ. ನಾಲ್ಕು ಹನಿ ಬಿದ್ದಿತ್ತು ಅಷ್ಟೇ.

ಮರುದಿನದಿಂದ ನನ್ನ ನಮಸ್ಕಾರ ಉದ್ದವಾಗತೊಡಗಿತು. ಮೊದಲು ಎರಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದವಳು ಈಗ ಹಣೆಗೆ, ಎದೆಗೆ, ಆಮೇಲೆ ಗಬ್ಬೂರಿನ ದೇವರ ಕಡೆಗೂ ಒಂದು. ಅಷ್ಟು ಹೊತ್ತು ಭೂಮಿಯ ಬೆರಳೇ ಕತ್ತಿ ಬೀಸಬೇಕು. ಮೊದಮೊದಲು ತಪ್ಪುತ್ತಿತ್ತು, ಬೈಯುತ್ತಿದ್ದಳು, ಮತ್ತೆ ಒತ್ತುತ್ತಿದ್ದಳು. ಚೆಂಡು ಹಿಸುಕು ಅಂದರೆ ಅಳುತ್ತಿದ್ದ ಹುಡುಗಿ ಈಗ ಢಾಲಿನವನ ಮೇಲಿನ ಸಿಟ್ಟಿಗೆ ನೋವನ್ನೇ ಮರೆಯುತ್ತಿದ್ದಳು. ಒಂದು ದಿನ ಆಟ ನಿಲ್ಲಿಸಿ ನನ್ನನ್ನೇ ದಿಟ್ಟಿಸಿದಳು.

"ಅಮ್ಮಾ, ನೀ ಬೇಕಂತ ಮಾಡಾಕತ್ತಿ."

"ಏನು?"

"ಒಬ್ಬ ಸಿಪಾಯಿಗೆ ಇಷ್ಟು ದೇವರು ಯಾಕ ಬೇಕು?"

ನಾನು ಟಿವಿಯ ಕಡೆ ತಿರುಗಿ ಮತ್ತೊಂದು ನಮಸ್ಕಾರ ಹಾಕಿದೆ. ಅಂದಿನಿಂದ ಅವಳು ಒದೆಯುವ ಬಟನ್ನಿನ ಮೇಲೆ ತನ್ನ ಹೆಬ್ಬೆರಳನ್ನೂ ಇಟ್ಟು, ನನ್ನ ಹೆಬ್ಬೆರಳ ಕೆಳಗೆ ಅದನ್ನು ಮೆಲ್ಲಗೆ ಅದುಮಿಸಿಕೊಳ್ಳತೊಡಗಿದಳು.

ಅಷ್ಟರಲ್ಲಿ ಊರಿನಿಂದ ನಮ್ಮ ಮನೆಯವರ ಫೋನು. "ಮಳಿ ಬಿತ್ತು, ಹತ್ತಿಬೀಜ ಊರಬೇಕು. ನೀ ಅಲ್ಲಿ ಲಡಾಯಿ ಮಾಡಾಕತ್ತೀಯಂತ, ಊರ ತುಂಬ ಮಾತು!"

"ಒಬ್ಬ ಉಳಿದಾನ್ರೀ. ಅವನ್ನ ಕೆಡವಿ ಬರತೀನಿ" ಎಂದೆ.

ಆ ಉಳಿದವನು ಕೋಟೆಯ ದೊಡ್ಡ ಬಾಗಿಲು ಕಾಯುವವನು. ಆಳೆತ್ತರದ ಕಬ್ಬಿಣದ ಢಾಲು. ಇಬ್ಬರ ಕೈಗೂ ಅವನು ಜಗ್ಗಲೇ ಇಲ್ಲ. ಭೂಮಿ ಮುಂದೆ ಹೆಜ್ಜೆ ಇಡುವುದೂ ನಾನು ಒದೆಯುವುದೂ ಒಂದೇ ಉಸಿರಿನಲ್ಲಿ ಆಗಬೇಕು, ನಮ್ಮದು ಎರಡು ಉಸಿರು. ಭಾನುವಾರ ರಮೇಶ ಬಂದು, "ಇವನ್ನ ಕೆಡವಾಕ ನನಗ ಒಂದು ವಾರ ಹಿಡದಿತ್ತು. ಬಿಡ್ರಿ ಅತ್ತಿ, ಊರಿಗೆ ಹೋಗಿ ಬೀಜ ಊರ್ರಿ" ಎಂದು ಕೆಣಕಿದ. ಲಕ್ಷ್ಮಿ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು.

ಮತ್ತೊಮ್ಮೆ ಸೋತೆವು. ಭೂಮಿ ಕಂಟ್ರೋಲರನ್ನು ತೊಡೆಯ ಮೇಲೆ ಇಟ್ಟುಕೊಂಡು ಬಲಗೈಯ ಬೆರಳುಗಳನ್ನು ಎಡಗೈಯಿಂದ ಮಣಿಸಿದಳು.

"ಅಮ್ಮಾ, ಕೈ ತಗಿ."

"ಏನವ್ವಾ?"

"ನಿನ್ನ ಕೈ ತಗಿ. ನಾ ಆಡತೀನಿ."

ತೆಗೆದೆ. ಲಕ್ಷ್ಮಿ ಏನೋ ಹೇಳಹೊರಟಳು, ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿದೆ. ರಮೇಶನ ನಗು ನಿಂತಿತು.

ಭೂಮಿ ಎರಡೂ ಕೈಯಿಂದ ಹಿಡಿದಳು. ಬಾಗಿಲಿನವನು ಮುಂದೆ ಬಂದ. ಅವಳು ಹೊಡೆಯಲಿಲ್ಲ, ಹಿಂದೆ ಸರಿದಳು. ಅವನ ದಮ್ಮು ಇಳಿಯುವವರೆಗೆ ಬರೀ ಸುತ್ತಿದಳು. ಕತ್ತಿ ಎತ್ತಿದಳು, ಅವನು ಢಾಲು ಎಡಕ್ಕೆ ಒಯ್ದ. ಬೆರಳು ಸಡಿಲಿಸಿ ಕತ್ತಿ ಹಿಂದೆ ತೆಗೆದಳು. ನನಗೆ ಒಂದು ಸಲವೂ ಬಾರದ ವಿದ್ಯೆ ಅದು! ಅವನು ಸಿಟ್ಟಿಗೆದ್ದು ಹೆಜ್ಜೆ ಮುಂದಿಟ್ಟ. ಅದೇ ಹೊತ್ತಿಗೆ ಅವಳೂ ಮುಂದಿಟ್ಟು ಢಾಲಿಗೆ ಕಾಲು ಕೊಟ್ಟಳು. ಹೆಬ್ಬೆರಳು ಬಗ್ಗಿದ್ದನ್ನು ನಾನು ಕಂಡೆ. ತೋಳು ಅಗಲಿತು. ತೋರುಬೆರಳು ಬಗ್ಗಿತು, ಮತ್ತೆ ಬಗ್ಗಿತು, ಮತ್ತೆ. ಅವಳ ಹಣೆಯ ಮೇಲೆ ಬೆವರು, ತುಟಿ ಕಚ್ಚಿಕೊಂಡಿದ್ದಳು, ನಿಲ್ಲಿಸಲಿಲ್ಲ.

ಬಿದ್ದ. ಆ ಕಬ್ಬಿಣದ ಢಾಲು ಸದ್ದು ಮಾಡುತ್ತ ನೆಲದ ಮೇಲೆ ತಿರುಗಿ ತಿರುಗಿ ನಿಂತಿತು.

ಯಾರೂ ಟಿವಿ ನೋಡುತ್ತಿರಲಿಲ್ಲ. ಲಕ್ಷ್ಮಿ ಮಗಳ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಹಿಟ್ಟಿನ ಕೈಯಿಂದಲೇ ಮುಖ ಮುಚ್ಚಿಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟಳು. "ಅವ್ವಾ, ಮುಖದ ತುಂಬ ಹಿಟ್ಟಾಗ್ಯದ ನೋಡು" ಎಂದಳು ಭೂಮಿ. ಅಂದು ನಾವೆಲ್ಲ ಒಟ್ಟಿಗೆ ಕೂತು ಉಂಡೆವು. ಭೂಮಿ ರೊಟ್ಟಿ ಮುರಿಯಲು ತುಂಬ ಹೊತ್ತು ತೆಗೆದುಕೊಂಡಳು, ಪಲ್ಯ ಜಾರುತ್ತಿತ್ತು. ಯಾರೂ ಅವಳಿಗೆ ಸಹಾಯ ಮಾಡಲಿಲ್ಲ, ಯಾರೂ ಬೇಗ ಏಳಲೂ ಇಲ್ಲ.

ಆ ವಾರವೇ ಡಾಕ್ಟರು ನೋಡಿದರು. ಬೆರಳುಗಳನ್ನು ಒಂದೊಂದಾಗಿ ಮಣಿಸಿ, ಆಪರೇಷನ್ ಕೋಣೆಯ ಅಗತ್ಯ ಇನ್ನಿಲ್ಲ, ಇನ್ನೂ ಕೆಲವು ತಿಂಗಳು ಮಣಿಸುತ್ತಿರಬೇಕು ಎಂದರು. ಮೇಡಮ್ ಕೂಡ ಖುಷಿಪಟ್ಟು, ಮನೆಯಲ್ಲಿ ಏನು ಮಾಡಿದಿರಿ ಎಂದು ಕೇಳಿದರು. "ನೀವು ಹೇಳಿದ್ದನ್ನೇ ಮಾಡಿಸಿದಿವ್ರೀ, ಚೆಂಡಿನ ಬದಲಿ ಸಿಪಾಯಿಗಳು" ಎಂದೆ. ಅವರಿಗೆ ತಿಳಿಯಲಿಲ್ಲ. ಭೂಮಿ ಎಲ್ಲ ಬಿಡಿಸಿ ಹೇಳಿದ ಮೇಲೆ ಅವರು ನಕ್ಕ ನಗು ಹೊರಗೆ ಕೂತವರಿಗೂ ಕೇಳಿಸಿರಬೇಕು.

ಊರಿಗೆ ಹೊರಟ ದಿನ ಮಳೆ ಸಣ್ಣಗೆ ಹನಿಯುತ್ತಿತ್ತು. ಭೂಮಿ ನನ್ನ ಚೀಲ ಹೊತ್ತು ಬಸ್ ಸ್ಟ್ಯಾಂಡಿಗೆ ಬಂದಳು. ದೇವದುರ್ಗದ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಅವಳು ಕೆಳಗೆ ನಿಂತು, ಕಿಟಕಿಯ ಸರಳಿನ ಸಂದಿಯಿಂದ ಬಲಗೈ ತೂರಿಸಿ ನನ್ನ ಕೈ ಹಿಡಿದಳು. ಮೊದಲು ಮೆಲ್ಲಗೆ, ಆಮೇಲೆ ಬಿಗಿಯಾಗಿ. ನನ್ನ ಬಳೆಗಳು ಮಣಿಕಟ್ಟಿಗೆ ಒತ್ತಿ ನೋಯುತ್ತಿದ್ದವು. ಡ್ರೈವರ್ ಬಸ್ಸು ಚಾಲೂ ಮಾಡಿದ. ಅವಳು ಬಿಡಲಿಲ್ಲ. ಕಂಡಕ್ಟರ್ ಸೀಟಿ ಊದಿ, ನನ್ನ ಕಡೆ ತಿರುಗಿ ಗದರಿದ:

"ಯವ್ವಾ, ಆ ಹುಡುಗಿ ಕೈ ಬಿಡವಾ, ಬಸ್ಸು ಹೊಂಟದ!"

"ನಾ ಎಲ್ಲಿ ಹಿಡದೀನಪ್ಪಾ!" ಎಂದೆ, ಇಡೀ ಬಸ್ಸಿಗೆ ಕೇಳುವ ಹಾಗೆ. "ಆಕಿ ಹಿಡದಾಳ ನೋಡು! ಆಕಿ ಹಿಡದಾಳ!"